‘ಸ್ಟೋರಿ ಆಫ್ ಓ’ ಎರಡನೇ ಭಾಗ ಯಾಕೆ ಇಷ್ಟು ಸಪ್ಪೆ?

‘ಸ್ಟೋರಿ ಆಫ್ ಓ’ ಎಂಬ ಫ್ರೆಂಚ್ ಕಾಮಪ್ರಧಾನ ಕಾದಂಬರಿಯ ಎರಡನೇ ಭಾಗ ‘ರಿಟರ್ನ್ ಟು ದ ಷಾತೋ’ ನಿಮಗೆ ಸಪ್ಪೆ ಎನಿಸಿದ್ದು ಬಹುಶಃ ಅದನ್ನು ಮೊದಲ ಕಾದಂಬರಿಯ ಮುಂದುವರಿಕೆ ಎಂದು ಓದಿದ್ದರಿಂದ. ಬಳ್ಳಾರಿಯ ನಮ್ಮ ಬಳಗದಲ್ಲೂ ಹೀಗೇ ಆಗಿತ್ತು, ಕೆಲವರು ನಡುವೆಯೇ ಬಿಟ್ಟರು. ಮೊದಲನೆಯದು 1954ರದು, ಇದು 1969ರದು. ಈ ಪುಟಗಳು ಮೂಲ ಕೃತಿಯನ್ನು ಬೇಕೆಂದೇ ಕೆಳಕ್ಕಿಳಿಸುತ್ತವೆ, ಇವನ್ನು ಅದರೊಳಗೆ ಸೇರಿಸಕೂಡದು ಎಂದು ಲೇಖಕಿಯೇ ಬರೆದಿದ್ದಾರೆ.

ಭಾನುವಾರ ಗಂಗಾವತಿಯಲ್ಲಿ ಇದರ ಬಗ್ಗೆ ಮಾತಾಡಬೇಕು ಅಂದಿರಲ್ಲ, ಎಲ್ಲವನ್ನೂ ಮತ್ತೆ ಓದುವುದು ಬೇಡ. ಮೊದಲ ಕಾದಂಬರಿಯ ಕೊನೆಯ ಪುಟ ತೆಗೆಯಿರಿ. ನಾಯಕಿ ಓ ರ್ವಾಸಿಯ ಷಾತೋಗೆ, ಅಂದರೆ ಆ ದೊಡ್ಡ ಬಂಗಲೆಗೆ, ಮರಳಿದಳು, ಅವಳ ಒಡೆಯ ಸರ್ ಸ್ಟೀಫನ್ ಅವಳನ್ನು ಅಲ್ಲಿ ತೊರೆದ, ಆ ಅಧ್ಯಾಯವನ್ನು ಕೈಬಿಡಲಾಗಿದೆ ಎಂಬ ಟಿಪ್ಪಣಿ ಇದೆ. ಎರಡನೇ ಪುಸ್ತಕ ಹುಟ್ಟುವುದು ಅಲ್ಲಿಂದ.

ಆಮೇಲೆ ಎರಡನೇ ಪುಸ್ತಕದ ‘ಎ ಗರ್ಲ್ ಇನ್ ಲವ್’ ಎಂಬ ಮುನ್ನುಡಿ ಓದಿ. ನಿಮ್ಮ ಪ್ರತಿಯಲ್ಲಿ ಇದೆಯೋ ಇಲ್ಲವೋ ಇಲ್ಲಿಂದ ಹೇಳಲಾರೆ, ಇದ್ದರೆ ಖಂಡಿತ ಬಿಡಬೇಡಿ. ಇಡೀ ಪುಸ್ತಕಕ್ಕಿಂತ ಆ ಕೆಲವು ಪುಟಗಳೇ ನನಗೆ ದೊಡ್ಡವು. ಒಬ್ಬ ಹೆಣ್ಣುಮಗಳು ರಾತ್ರಿ ಹಾಸಿಗೆಯಲ್ಲಿ ಮಲಗಿ, ಪೆನ್ಸಿಲ್ ಹಿಡಿದು, ತನ್ನ ಪ್ರಿಯನೊಬ್ಬನೇ ಓದಲೆಂದು ಮೊದಲ ಕಾದಂಬರಿ ಬರೆದದ್ದು ಅಲ್ಲಿದೆ. ಆತ ಫ್ರೆಂಚ್ ಲೇಖಕ ಝಾನ್ ಪೋಲಾನ್, ತೀರಿಕೊಂಡಿದ್ದು 1968ರಲ್ಲಿ. ಈ ಪುಸ್ತಕಗಳ ಮೇಲಿರುವ ಪೋಲೀನ್ ರೇಯಾಜ್ ಎಂಬ ಗುಪ್ತನಾಮ ತನ್ನದೇ ಎಂದು ಲೇಖಕಿ ಆನ್ ದೆಕ್ಲೊ ಹೇಳಿದ್ದು 1994ರಲ್ಲಿ.

ಕೊನೆಗೆ ಕಥಾಭಾಗಕ್ಕೆ ಬನ್ನಿ. ದುಡ್ಡು, ವ್ಯವಹಾರ ಎಲ್ಲೆಲ್ಲಿ ನುಸುಳಿವೆ ಎಂದು ಗುರುತು ಹಾಕಿಕೊಳ್ಳಿ. ಮೊದಲ ಪುಸ್ತಕದ ಮಾಯೆ ಒಡೆಯುವುದು ಅಲ್ಲೇ. ಆಗಲೂ ಹಿಡಿಸದಿದ್ದರೆ ಪುಸ್ತಕ ಮುಚ್ಚಿ, ಭಾನುವಾರ ಅದನ್ನೇ ನೇರವಾಗಿ ಹೇಳಿ.