ಸೈಕಿಯಾಟ್ರಿ ವಾರ್ಡಿಗೆ ಮೊದಲ ಪೋಸ್ಟಿಂಗ್: ಏನು ನೋಡಬೇಕು, ಹೇಗೆ ಮಾತಾಡಬೇಕು?

ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದೀರಿ, ಮುಂದಿನ ವಾರದಿಂದ ಸೈಕಿಯಾಟ್ರಿ ಪೋಸ್ಟಿಂಗ್, ರೋಗಿಗಳ ಹತ್ತಿರ ಏನು ಮಾತಾಡಬೇಕೋ ತಿಳಿಯದು, ಹೊಡೆದುಬಿಟ್ಟರೆ ಎಂಬ ಹೆದರಿಕೆ ಬೇರೆ. ಜೊತೆಗೆ "ಅಲ್ಲಿ ಡ್ರೆಸ್ಸಿಂಗ್ ಇಲ್ಲ, ಡ್ರಿಪ್ ಇಲ್ಲ, ನರ್ಸಿಗೆ ಕೆಲಸವೇ ಏನು?" ಅಂತಲೂ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಆ ವಾರ್ಡಿನಲ್ಲಿ ಜೀವ ಹೋಗುವ ತಪ್ಪುಗಳು ಹುಟ್ಟುವುದು ಇಂಥ ಯೋಚನೆಯಿಂದಲೇ.

ಕೇಸ್ ಶೀಟಿನ ಮೇಲೆ ಮಾನಸಿಕ ಕಾಯಿಲೆ ಅಂತ ಒಮ್ಮೆ ಬರೆದರೆ ಸಾಕು, ಆಮೇಲೆ ಆ ಮನುಷ್ಯನ ಜ್ವರ, ಸಕ್ಕರೆ, ಮೂತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಗಾಡಿದರೂ ಕಾಯಿಲೆ, ಸುಮ್ಮನೆ ಮಲಗಿದರೂ ಕಾಯಿಲೆ. ಅದಕ್ಕೇ ನನ್ನ ಮೊದಲ ಮಾತು: ಹೊಸದಾಗಿ ಗಲಾಟೆ ಶುರು ಮಾಡಿದ ಯಾವ ರೋಗಿಗಾದರೂ ಸಾಧ್ಯವಾದ ಕೂಡಲೇ ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿ. ಜ್ವರ, ನಾಡಿ, ಬಿಪಿ, ಆಮ್ಲಜನಕದ ಮಟ್ಟ ಬರೆಯಿರಿ. ಇವತ್ತು ಯಾವ ವಾರ, ಈಗ ಎಲ್ಲಿದ್ದೀರಿ ಅಂತ ಕೇಳಿ. ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರುವಾಗಿ, ರಾತ್ರಿ ಜಾಸ್ತಿಯಾಗಿ, ಬೆಳಿಗ್ಗೆ ತಿಳಿಯಾಗಿ, ದಿನ ಮತ್ತು ಜಾಗದ ಗುರುತು ತಪ್ಪಿ, ಇಲ್ಲದ್ದು ಕಣ್ಣಿಗೆ ಕಾಣಿಸುತ್ತಿದ್ದರೆ ಅದು ಡೆಲಿರಿಯಂ, ಅಂದರೆ ಮೈಯ ತೊಂದರೆಯಿಂದ ಮೆದುಳು ಗೊಂದಲಕ್ಕೆ ಬಿದ್ದಿದೆ ಎಂದೇ ಮೊದಲು ಅನುಮಾನಿಸಬೇಕು. ಸ್ಕಿಜೋಫ್ರೇನಿಯಾದಲ್ಲಿ ಸಾಮಾನ್ಯವಾಗಿ ಕಿವಿಗೆ ಧ್ವನಿ ಕೇಳಿಸುತ್ತದೆ, ಆದರೆ ತಾನೆಲ್ಲಿದ್ದೇನೆ ಎಂಬುದು ಗೊತ್ತಿರುತ್ತದೆ.

ನಮ್ಮ ಕಡೆ ಇದು ಎರಡು ವೇಷದಲ್ಲಿ ಬರುತ್ತದೆ. ಒಂದು, ಕುಡಿತ ನಿಂತಾಗ. ಕಾಲು ಮುರಿದು ಆರ್ಥೋ ವಾರ್ಡಿಗೆ ಸೇರಿದವನು ಮೂರನೇ ದಿನ ಹಾಸಿಗೆಯ ಮೇಲೆ ಹುಳ ಹರಿದಾಡುತ್ತಿದೆ ಅಂತ ಬಡಿದುಕೊಳ್ಳುತ್ತಾನೆ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಡೆಲಿರಿಯಂ ಟ್ರೆಮೆನ್ಸ್, ಅಂದರೆ ಕುಡಿತ ನಿಂತಾಗ ಬರುವ ಡೆಲಿರಿಯಂ, 48ರಿಂದ 96 ಗಂಟೆಯ ನಡುವೆ. ಹಾಗಾಗಿ "ಕುಡೀತೀರಾ?" ಎಂದು ಕೇಳಿ ಬಿಟ್ಟರೆ ಸಾಲದು, "ಕೊನೇ ಸಲ ಎಷ್ಟು ಹೊತ್ತಿಗೆ ಕುಡಿದಿದ್ರಿ?" ಅಂತ ಗಂಟೆ ಸಮೇತ ಕೇಳಿ ಬರೆಯಿರಿ. ಇಂಥವರಿಗೆ ಗ್ಲೂಕೋಸ್ ಬಾಟಲಿ ಹಾಕುವ ಆರ್ಡರ್ ಇದ್ದರೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಆಗಿದೆಯಾ ಅಂತ ಕೇಳುವುದು ನಿಮ್ಮ ಕೆಲಸ. ಥಯಾಮಿನ್ ಕಡಿಮೆ ಇರುವ ಮೆದುಳಿಗೆ ಬರೀ ಗ್ಲೂಕೋಸ್ ಹೋದರೆ ವೆರ್ನಿಕೆ ಎನ್ಸೆಫಲೋಪತಿ ಕೆರಳಬಹುದು: ಕಣ್ಣುಗುಡ್ಡೆಯ ಚಲನೆ ಕೆಡುತ್ತದೆ, ನಡಿಗೆ ತೂರಾಡುತ್ತದೆ, ಗೊಂದಲ ಹೆಚ್ಚುತ್ತದೆ. ಆದರೆ ಸಕ್ಕರೆ ತೀರಾ ಇಳಿದಿದ್ದರೆ ಥಯಾಮಿನ್ ಹುಡುಕುತ್ತಾ ಗ್ಲೂಕೋಸ್ ತಡಮಾಡುವಂತಿಲ್ಲ. ಎರಡೂ ಒಟ್ಟಿಗೆ ನಡೆಯಬೇಕು.

ಇನ್ನೊಂದು ವೇಷ, ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರದ್ದು. ಆ ವಿಷಕ್ಕೆ ಮದ್ದಾಗಿ ಕೊಡುವ ಅಟ್ರೋಪಿನ್ ಹೆಚ್ಚಾದಾಗ ಬಾಯಿ ಒಣಗಿ, ಮೈ ಕೆಂಪಾಗಿ ಬಿಸಿಯೇರಿ, ಪಾಪೆ ಅಗಲವಾಗಿ, ರೋಗಿ ಬಟ್ಟೆ ಕೀಳುತ್ತಾ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾನೆ. "ತಲೆ ಕೆಟ್ಟಿದೆ, ಸೈಕಿಯಾಟ್ರಿಗೆ ಕಳಿಸಿ" ಅನ್ನುವವರು ಇರುತ್ತಾರೆ. ಪಾಪೆ ಮತ್ತು ಜ್ವರ ನೋಡಿ ಡಾಕ್ಟರಿಗೆ ತಿಳಿಸಿ. ವಿಷ ಕುಡಿದ 1ರಿಂದ 4 ದಿನದೊಳಗೆ ನಿಮ್ಮ ವಾರ್ಡಿಗೆ ಬಂದವರಿಗೆ ದಿಂಬಿನಿಂದ ತಲೆ ಎತ್ತಲು ಹೇಳಿ. ಎತ್ತಲು ಆಗದಿದ್ದರೆ ಕತ್ತಿನ ಸ್ನಾಯು ಸೋಲುತ್ತಿದೆ, ಮುಂದೆ ಉಸಿರಾಟ ಸೋಲಬಹುದು. ಅವರ ಜಾಗ ಐಸಿಯು.

ಮಾತ್ರೆ, ಇಂಜೆಕ್ಷನ್ನುಗಳ ವಿಷಯಕ್ಕೆ ಬರೋಣ. ಭ್ರಮೆ, ಉದ್ರೇಕ ತಗ್ಗಿಸುವ ಹ್ಯಾಲೋಪೆರಿಡಾಲ್ ಕೊಟ್ಟ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹುಡುಗರಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಮನೆಯವರು ನೋಡಿದರೆ ಮೈಮೇಲೆ ಬಂತು ಅಂತಲೇ ಅನ್ನುತ್ತಾರೆ. ಇದು ಡಿಸ್ಟೋನಿಯಾ. ಡಾಕ್ಟರ್ ಆದೇಶದಂತೆ ಪ್ರೊಮೆಥಜಿನ್ 25ರಿಂದ 50 ಮಿ.ಗ್ರಾಂ ಸ್ನಾಯುವಿಗೆ ಹೋದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಅಕಥೀಸಿಯಾ ಇದಕ್ಕಿಂತ ಮೋಸದ್ದು. ಕೂತರೆ ಏಳುತ್ತಾರೆ, ನಿಂತಲ್ಲೇ ಕಾಲು ಬದಲಿಸುತ್ತಾರೆ, "ಒಳಗೆ ಏನೋ ಆಗ್ತೈತಿ ಸಿಸ್ಟರ್, ಕೂರಾಕ ಆಗವಲ್ದು" ಅನ್ನುತ್ತಾರೆ. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು ಅದೇ ಔಷಧಿ ಹೆಚ್ಚಿಸಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ನೋಟ್ಸಿನಲ್ಲಿ "ಗಲಾಟೆ" ಅಂತ ಬರೆಯದೆ, ಕಾಲು ಆಡಿಸುವುದು ಇಂಜೆಕ್ಷನ್ ಆದ ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಬರೆಯಿರಿ. ಮೈ ಕಟ್ಟಿಗೆಯಂತೆ ಬಿಗಿದು, ಜ್ವರ ಏರಿ, ಬೆವರಿ, ಪ್ರಜ್ಞೆ ಮಂಕಾದರೆ ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಇರಬಹುದು. ಮುಂದಿನ ಡೋಸ್ ಕೈಯಲ್ಲಿದ್ದರೂ ಕೊಡಬೇಡಿ, ಡಾಕ್ಟರನ್ನು ಕರೆಯಿರಿ.

ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ನಮ್ಮ ಬಿಸಿಲುಸೀಮೆಗೆ ಬಹಳ ಎಚ್ಚರ ಬೇಡುವ ಔಷಧಿ. ರಕ್ತದಲ್ಲಿ ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್ ಇದ್ದರೆ ಕೆಲಸ ಮಾಡುತ್ತದೆ, 1.5 ದಾಟಿದರೆ ವಿಷ. ನಡುವಿನ ಜಾಗ ಅಷ್ಟೇ. ರಕ್ತ ತೆಗೆಯುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿಸಿ ರಕ್ತ ತೆಗೆದರೆ ಆ ವರದಿಯಿಂದ ಪ್ರಯೋಜನವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೊಲದಲ್ಲಿ ದುಡಿಯುವವರಿಗೆ ಬೆವರಿ ನೀರು, ಉಪ್ಪು ಎರಡೂ ಹೋಗುತ್ತವೆ. ಆಗ ಕಿಡ್ನಿ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾಂತಿಭೇದಿಯಲ್ಲೂ ಹಾಗೇ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಕೂಡ ಮಟ್ಟ ಏರಿಸುತ್ತವೆ. ಬಿಪಿ ಇದೆ ಅಂತ ಇದ್ದಕ್ಕಿದ್ದಂತೆ ಉಪ್ಪು ಬಿಡುವುದೂ ಅಪಾಯ. ಸಣ್ಣ ನಡುಕ ಲಿಥಿಯಂ ತೆಗೆದುಕೊಳ್ಳುವ ಹಲವರಲ್ಲಿ ಇರುತ್ತದೆ. ನಡುಕ ಒರಟಾಗಿ, ಭೇದಿ ಆಗಿ, ಮಾತು ತೊದಲಿ, ಕುಡಿದವರ ಹಾಗೆ ತೂರಾಡಿದರೆ ಡೋಸ್ ನಿಲ್ಲಿಸಿ ತಕ್ಷಣ ತಿಳಿಸಬೇಕು. ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ತೆಗೆದುಕೊಳ್ಳುವ ರೋಗಿಗಳಲ್ಲಿ ಗಂಟಲುನೋವು, ಜ್ವರ ಬಂದರೆ ಬಿಳಿ ರಕ್ತಕಣ ನೋಡಿಸಬೇಕು, ಮಲಬದ್ಧತೆಯನ್ನು ಸಣ್ಣದೆಂದು ಬಿಡಬಾರದು. ಕರುಳು ನಿಂತು ಸತ್ತವರಿದ್ದಾರೆ.

ಈಗ ಮಾತು. ಪೆಪ್ಲೌ ಎಂಬ ನರ್ಸ್ 1952ರಲ್ಲೇ ರೋಗಿ ಮತ್ತು ನರ್ಸಿನ ಸಂಬಂಧವೇ ಚಿಕಿತ್ಸೆಯ ಭಾಗ ಎಂದು ವಿವರಿಸಿದರು. ಪರೀಕ್ಷೆಗೆ ಅದರ ಹಂತಗಳನ್ನು ಓದಿಕೊಳ್ಳಿ. ವಾರ್ಡಿನಲ್ಲಿ ಬೇಕಾಗುವುದು ಇಷ್ಟು: ಹೆಸರು ಹೇಳಿ, ವಿದ್ಯಾರ್ಥಿನಿ ಅಂತ ಹೇಳಿ, ಎಷ್ಟು ದಿನ ಇರುತ್ತೀರಿ ಅಂತ ಮೊದಲ ದಿನವೇ ಹೇಳಿ. ವಯಸ್ಸು ನೋಡಿಕೊಂಡು ಅಣ್ಣಾ, ಅಕ್ಕಾ, ಅಜ್ಜಾ ಅನ್ನಿ, ಬಹುವಚನ ಬಿಡಬೇಡಿ. ಕಾಯಿಲೆ ಬಂದವರನ್ನು ಏಕವಚನದಲ್ಲಿ ಕರೆಯುವ ಚಟ ಆಸ್ಪತ್ರೆಗಳಲ್ಲಿ ಬೇಗ ಅಂಟುತ್ತದೆ. ಒಮ್ಮೆಗೆ 10 ನಿಮಿಷ ಮಾತಾಡಿದರೆ ಸಾಕು. ಅವರು ಸುಮ್ಮನಿದ್ದರೆ ನೀವೂ ಸುಮ್ಮನೆ ಕೂತಿರಿ, ಮೌನ ತುಂಬಿಸಲು ಹೋಗಬೇಡಿ.

ಧ್ವನಿ ಕೇಳಿಸುತ್ತದೆ ಅಂದವರ ಜೊತೆ "ಹಂಗೇನೂ ಇಲ್ಲ" ಅಂತ ವಾದ ಬೇಡ, "ಹೌದು ನನಗೂ ಕೇಳಿಸಿತು" ಎಂಬ ಸುಳ್ಳೂ ಬೇಡ. "ನಿಮಗೆ ಕೇಳಿಸ್ತಿದೆ ಅಂತ ಗೊತ್ತಾಗುತ್ತೆ ಅಣ್ಣಾ, ನನಗೆ ಕೇಳಿಸ್ತಿಲ್ಲ. ಅದು ಏನು ಹೇಳುತ್ತೆ? ಏನಾದರೂ ಮಾಡು ಅನ್ನುತ್ತಾ?" ಎನ್ನಿ. ಈ ಕೊನೆಯ ಪ್ರಶ್ನೆ ಬಿಡಲೇಬಾರದು. ಸಾಯಿ, ಹೊಡಿ ಅಂತ ಆಜ್ಞೆ ಮಾಡುವ ಧ್ವನಿ ಇದ್ದರೆ ಅದು ಆ ಕ್ಷಣವೇ ಡಾಕ್ಟರಿಗೆ ಹೋಗಬೇಕಾದ ಮಾಹಿತಿ. ಊಟದಲ್ಲಿ ವಿಷ ಹಾಕಿದ್ದಾರೆ ಎಂದು ಅನುಮಾನಿಸುವವರ ಮುಂದೆ ಪಿಸುಗುಟ್ಟಬೇಡಿ, ನಗಬೇಡಿ. ಸಿಪ್ಪೆ ಇರುವ ಬಾಳೆಹಣ್ಣು, ಸೀಲ್ ಒಡೆಯದ ಬಿಸ್ಕತ್ ಪೊಟ್ಟಣ ಅವರ ಕೈಗೇ ಕೊಡಿ. "ಎಲ್ಲಾ ಸರಿಹೋಗುತ್ತೆ ಬಿಡಿ" ಎಂಬ ಮಾತು ಮನೆಯವರು ನೂರು ಸಲ ಹೇಳಿ ಸವೆದಿರುತ್ತದೆ.

ಆತ್ಮಹತ್ಯೆಯ ವಿಚಾರವನ್ನು ನೇರವಾಗಿ ಕೇಳಿ: "ಜೀವ ಬೇಡ ಅನ್ನಿಸಿದೆಯಾ? ಹೇಗೆ ಅಂತಲೂ ಯೋಚನೆ ಬಂದಿದೆಯಾ?" ಕೇಳಿದರೆ ಹೊಸದಾಗಿ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಯಾರಿಗೂ ಹೇಳಬೇಡಿ ಅಂತ ರೋಗಿ ಬೇಡಿಕೊಂಡರೆ, ಇದನ್ನು ಮಾತ್ರ ತಂಡಕ್ಕೆ ಹೇಳಲೇಬೇಕು ಅಂತ ಅವರಿಗೇ ತಿಳಿಸಿ. ತಿರುಗಿ ನೋಡುವ ಹೊತ್ತು ನಿಖರ 15 ನಿಮಿಷಕ್ಕೊಮ್ಮೆ ಅಂತ ರೋಗಿಗೆ ಗೊತ್ತಾಗಬಾರದು, 8 ನಿಮಿಷಕ್ಕೆ ಒಮ್ಮೆ, 12ಕ್ಕೆ ಒಮ್ಮೆ ಹೋಗಿ. ಡ್ಯೂಟಿ ಬದಲಾಗುವ ಹೊತ್ತು ಎಲ್ಲರೂ ಟೇಬಲ್ಲಿನ ಸುತ್ತ ಇರುತ್ತಾರೆ. ಒಬ್ಬರು ವಾರ್ಡಿನೊಳಗೇ ಇರಬೇಕು. ಚಿಕಿತ್ಸೆ ಶುರುವಾಗಿ ಸ್ವಲ್ಪ ಚೇತರಿಸಿಕೊಂಡ ಖಿನ್ನತೆ ರೋಗಿಯ ಮೇಲೆ ಕಣ್ಣು ಇನ್ನೂ ಹೆಚ್ಚಿರಲಿ: ಮನಸ್ಸಿನ ಭಾರ ಇಳಿಯುವ ಮೊದಲೇ ಮೈಗೆ ಕಸುವು ಬಂದಿರುತ್ತದೆ. ಮಾತ್ರೆ ಕೊಟ್ಟ ಮೇಲೆ ನೀರು ಕುಡಿಸಿ, ಎರಡು ಮಾತಾಡಿಸಿ, ನಾಲಿಗೆ ಎತ್ತಿಸಿ ನೋಡಿ. ಕೆನ್ನೆಯಲ್ಲಿಟ್ಟು ಕೂಡಿಹಾಕುವವರು ಇರುತ್ತಾರೆ.

ಹೊಡೆತದ ಭಯಕ್ಕೆ: ಐಡಿ ಕಾರ್ಡಿನ ದಾರ ಮತ್ತು ಸ್ಟೆತಸ್ಕೋಪ್ ಕತ್ತಿನಲ್ಲಿ ಬೇಡ, ಜುಟ್ಟು ಮೇಲೆ ಕಟ್ಟಿ, ಗಾಜಿನ ಬಳೆ ತೆಗೆದಿಡಿ. ರೋಗಿಯಿಂದ ಎರಡು ತೋಳಿನಷ್ಟು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಬಾಗಿಲಿನ ದಾರಿ ನಿಮಗೂ ತೆರೆದಿರಲಿ, ಅವರಿಗೂ ತೆರೆದಿರಲಿ. ಹೆಚ್ಚಿನವರು ಏಕಾಏಕಿ ಹೊಡೆಯುವುದಿಲ್ಲ. ಓಡಾಟ ಹೆಚ್ಚುತ್ತದೆ, ದನಿ ಏರುತ್ತದೆ, ಮುಷ್ಟಿ ಬಿಗಿಯುತ್ತದೆ. ಆಗ ಒಬ್ಬರೇ ಮಾತಾಡಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ "ಕೂತ್ಕೊ, ಸುಮ್ನಿರು" ಅಂದರೆ ಯಾರಿಗಾದರೂ ರೇಗುತ್ತದೆ.

ಕಟ್ಟುವುದು ಕಟ್ಟಕಡೆಯ ದಾರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಪ್ರಕಾರ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಬೇಕಾದಷ್ಟೇ ಹೊತ್ತು ಕಟ್ಟಬಹುದು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಕಟ್ಟುವಂತಿಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದಂತೂ ನಿಷಿದ್ಧ. ಕಾರಣ, ವಿಧಾನ, ಹೊತ್ತು ದಾಖಲಾಗಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಕಟ್ಟುವಾಗ ಹಿಡಿಯಲು ಕೈಕಾಲಿಗೆ ನಾಲ್ವರು, ತಲೆಗೆ ಒಬ್ಬರು. ಬೋರಲು ಹಾಕಬಾರದು, ಎದೆಯ ಮೇಲೆ ಯಾರ ಭಾರವೂ ಬೀಳಬಾರದು, ಉಸಿರುಗಟ್ಟುವುದು ಹಾಗೆಯೇ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. 15 ನಿಮಿಷಕ್ಕೊಮ್ಮೆ ಬೆರಳಿನ ಬಣ್ಣ, ಬಿಸಿ, ಉಸಿರಾಟ ನೋಡಿ, 2 ಗಂಟೆಗೊಮ್ಮೆ ಒಂದೊಂದೇ ಕೈಕಾಲು ಬಿಚ್ಚಿ ಆಡಿಸಿ, ನೀರು, ಮೂತ್ರ ಕೇಳಿ.

ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗಿ ಅಜ್ಜಯ್ಯನ (ಕರಿಬಸವೇಶ್ವರನ) ಸನ್ನಿಧಿಯಲ್ಲಿ ಕೆಲವು ಅಮಾವಾಸ್ಯೆ ಕಳೆದು ಆಮೇಲೆ ಆಸ್ಪತ್ರೆಗೆ ಬರುವ ಕುಟುಂಬಗಳು ನಿಮಗೆ ಸಿಗುತ್ತವೆ. ಅವರ ಭಕ್ತಿಯನ್ನು ಆಡಿಕೊಂಡರೆ ಮಾತ್ರೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಬದಲಿಗೆ ಎಷ್ಟು ದಿನ ಇದ್ದರು, ಊಟ ಮಾಡಿದ್ದರಾ, ಮಾತ್ರೆ ಯಾವಾಗ ನಿಂತಿತು ಎಂದು ಕೇಳಿ. ಮಣಿಕಟ್ಟು, ಕಣಕಾಲು, ಬೆನ್ನು ನೋಡಿ. ಮನೆಯಲ್ಲೋ ದಾರಿಯಲ್ಲೋ ಕಟ್ಟಿದ ಗಾಯ ಇದ್ದರೆ ತೊಳೆದು, ಅಳತೆ ಬರೆದು, ಧನುರ್ವಾಯುವಿನ ಇಂಜೆಕ್ಷನ್ ಬೇಕಾ ಅಂತ ಕೇಳಿ. ಸರಪಳಿ ಹಾಕುವುದು ಕಾನೂನಿನಲ್ಲಿ ನಿಷೇಧ ಅಂತ ಮನೆಯವರಿಗೆ ಬೈಯದೆ ಹೇಳಿ. ದೇವರಿಗೂ ನಡೆದುಕೊಳ್ಳಲಿ, ಮಾತ್ರೆಯೂ ತಪ್ಪದಿರಲಿ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಇಸಿಟಿಗೆ (ತಲೆಗೆ ಸಣ್ಣ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕಳಿಸುವ ದಿನ: ಒಪ್ಪಿಗೆ ಸಹಿ, 6 ಗಂಟೆ ಖಾಲಿ ಹೊಟ್ಟೆ, ಕಟ್ಟಿದ ಹಲ್ಲು ತೆಗೆಸುವುದು, ಮೂತ್ರ ಮಾಡಿಸುವುದು. ನಮ್ಮ ಹೆಣ್ಣುಮಕ್ಕಳು ಎಣ್ಣೆ ಹಚ್ಚಿ ಬಾಚಿರುತ್ತಾರೆ, ಹಿಂದಿನ ರಾತ್ರಿಯೇ ತಲೆ ತೊಳೆಸಿ. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ. ಅರಿವಳಿಕೆ ಇಲ್ಲದೆ ಇಸಿಟಿ ಕೊಡುವುದನ್ನು ಕಾಯ್ದೆ ನಿಷೇಧಿಸಿದೆ. ಮುಗಿದ ಮೇಲೆ ಪಕ್ಕಕ್ಕೆ ಮಲಗಿಸಿ, ಎಚ್ಚರವಾದಾಗ ಊರು, ದಿನ, ಯಾಕೆ ಬಂದಿದ್ದಾರೆ ಎಂಬುದನ್ನು ನಿಧಾನವಾಗಿ ಹೇಳಿ. ಸ್ವಲ್ಪ ಹೊತ್ತು ಮರೆವು ಇರುತ್ತದೆ.

ಡಿಸ್ಚಾರ್ಜ್ ದಿನ ಮನೆಯವರು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. "ಹುಷಾರಾದ್ರು, ಮಾತ್ರೆ ನಿಲ್ಲಿಸಬಹುದಾ?" ಡಾಕ್ಟರ್ ಹೇಳುವ ತನಕ ನಿಲ್ಲಿಸುವಂತಿಲ್ಲ. ಖಿನ್ನತೆ ಮೊದಲ ಸಲ ಬಂದಿದ್ದರೂ ಗುಣವಾದ ಮೇಲೆ ಸಾಮಾನ್ಯವಾಗಿ 6 ತಿಂಗಳಿಗೂ ಹೆಚ್ಚು ಮುಂದುವರಿಸುತ್ತಾರೆ. "ಕುಡಿಯೋದು ಬಿಡಿಸೋ ಮಾತ್ರೆನ ಗೊತ್ತಾಗದಂಗೆ ಸಾರಲ್ಲಿ ಹಾಕಬಹುದಾ ಸಿಸ್ಟರ್?" ಖಂಡಿತ ಬೇಡ. ಅದು ಡೈಸಲ್ಫಿರಾಂ, ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ, ಜೀವಕ್ಕೇ ಅಪಾಯ. ನಿಲ್ಲಿಸಿದ ಮೇಲೂ 14 ದಿನದವರೆಗೆ ಹಾಗಾಗಬಹುದು. ಗೊತ್ತಿದ್ದು, ಒಪ್ಪಿಕೊಂಡವರಿಗೆ ಮಾತ್ರ ಅದು. ಔಷಧಿ ಕುಡಿದು ಬದುಕಿದವರ ಮನೆಯಲ್ಲಿ ಬೆಳೆಯ ಔಷಧಿ ಬೀಗದೊಳಗೆ ಇರಲಿ, ಕೀಲಿ ಬೇರೆಯವರ ಹತ್ತಿರ ಇರಲಿ; ರೋಗಿಯ ಮಾತ್ರೆಯೂ ಅಷ್ಟೇ, ವಾರಕ್ಕಾಗುವಷ್ಟು ಮಾತ್ರ ಹೊರಗೆ. ಜಗಳೂರು, ಹೊಳಲ್ಕೆರೆ ಕಡೆಯವರಿಗೆ ಪ್ರತಿ ಸಲ ದಾವಣಗೆರೆಗೆ ಬರುವುದು ಕಷ್ಟ; ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್ ಬಗ್ಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಚೀಟಿಯ ಹಿಂದೆ ದೊಡ್ಡದಾಗಿ ಬರೆದುಕೊಡಿ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.