ಗೊರಕೆ ಹೊಡೆದರೆ ಒಳ್ಳೆ ನಿದ್ದೆ ಅಂತ ಯಾರು ಹೇಳಿದ್ದು?

ಪ್ರಶ್ನೆ: ನಮ್ಮ ಮನೆಯವರಿಗೆ 48 ವರ್ಷ. ಮೂರು ಬಗೆಯ ಬಿಪಿ ಮಾತ್ರೆ ತಪ್ಪದೆ ತಗೊಂಡರೂ 160/100ರಿಂದ ಕೆಳಗಿಳಿಯುತ್ತಿಲ್ಲ. ಉಪ್ಪು ಕಡಿಮೆ ಮಾಡಿದ್ದೇವೆ. ನಿದ್ದೆಗಂತೂ ಕೊರತೆಯಿಲ್ಲ, ಮಲಗಿದ ತಕ್ಷಣ ಶುರುವಾಗುವ ಗೊರಕೆ ಬೆಳಗಿನವರೆಗೂ ಇರುತ್ತದೆ. ಬಿಪಿ ಯಾಕೆ ಹೀಗೆ?
– ಗೃಹಿಣಿ, ದಾವಣಗೆರೆ

ಉತ್ತರ: ನೋಡಮ್ಮಾ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ಇಂಥ ಪ್ರಶ್ನೆ ಬರುತ್ತಲೇ ಇರುತ್ತದೆ. ಎಲ್ಲರೂ ಗೊರಕೆಯನ್ನು ಒಳ್ಳೆ ನಿದ್ದೆಯ ಲೆಕ್ಕಕ್ಕೇ ಹಾಕಿರುತ್ತಾರೆ. ಇದನ್ನು ಮೊದಲು ಬಿಡಿ.

ಇವತ್ತು ರಾತ್ರಿ ಅರ್ಧ ಗಂಟೆ ಎದ್ದು ಕೂತು ಅವರನ್ನು ಗಮನಿಸಿ. ಗೊರಕೆ ಜೋರಾಗುತ್ತಾ ಹೋಗಿ ಗಕ್ಕನೆ ನಿಲ್ಲುತ್ತದಾ? ಎದೆ, ಹೊಟ್ಟೆ ಎಳೆದಾಡುತ್ತಿದ್ದರೂ ಉಸಿರಿನ ಸದ್ದೇ ಇರುವುದಿಲ್ವಾ? ಆಮೇಲೆ ಒಮ್ಮೆಲೇ ದೊಡ್ಡದಾಗಿ ಉಸಿರೆಳೆದು ಮಗ್ಗುಲಾಗುತ್ತಾರಾ? 10 ಸೆಕೆಂಡ್ ಅಥವಾ ಜಾಸ್ತಿ ಹೊತ್ತು ಹೀಗೆ ಉಸಿರು ಕಟ್ಟುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಸದ್ದು ಕೇಳುವಂತಿರಲಿ.

ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯಬೇಕು. ಉಸಿರು ಕಟ್ಟಿದರೆ ಆಮ್ಲಜನಕ ಕಡಿಮೆಯಾಗುತ್ತದೆ, ಗಾಬರಿಯಾದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಹಾರ್ಮೋನು ಏರುತ್ತದೆ, ರಕ್ತನಾಳ ಬಿಗಿದು ಬಿಪಿ ಜಿಗಿಯುತ್ತದೆ. ಹೀಗೆ ಉಸಿರು ಕಟ್ಟುವುದು ಗಂಟೆಗೆ 30 ಸಲ ದಾಟಿದರೆ ಕಾಯಿಲೆ ತೀವ್ರ ಅಂತ ಲೆಕ್ಕ. ರಾತ್ರಿಯಿಡೀ ಇದೇ ಪಾಡಾದರೆ ಹಗಲಲ್ಲೂ ಬಿಪಿ ಹತೋಟಿಗೆ ಬರುವುದು ಕಷ್ಟ. ಹಾಗಾಗಿ ನಾಲ್ಕನೇ ಮಾತ್ರೆಗೆ ಹೋಗುವ ಮುನ್ನ ನಿದ್ದೆ ಪರೀಕ್ಷೆ (ಮಲಗಿದ್ದಾಗ ಉಸಿರು, ಆಮ್ಲಜನಕ ಅಳೆಯುವುದು) ಆಗಲೇಬೇಕು ಅಂತ ನನ್ನ ಹಟ.

ಕಾಯಿಲೆ ಖಾತ್ರಿಯಾದರೆ ಸಿಪ್ಯಾಪ್ ಮಷೀನ್ ಬರೆದುಕೊಡಬಹುದು. ಮಾಸ್ಕಿನಿಂದ ಬರುವ ಗಾಳಿಯ ಒತ್ತಡ ಗಂಟಲು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಇದರಿಂದ ಬಿಪಿ ಇಳಿಯುವುದು ಸರಾಸರಿ ಎರಡು ಮೂರು ಪಾಯಿಂಟ್ ಅಷ್ಟೇ. ಮೂರು ಮಾತ್ರೆಗೂ ಬಗ್ಗದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಆದ್ದರಿಂದ ಮಷೀನ್ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ. ತೂಕ ಜಾಸ್ತಿಯಿದ್ದರೆ ಇಳಿಸಲಿ, ಗೊರಕೆಗೂ ಬಿಪಿಗೂ ಅದು ಒಳ್ಳೆಯದು.

ಮೂಗಿಗೆ ಸಿಕ್ಕಿಸುವ ಆನ್‌ಲೈನ್ ಕ್ಲಿಪ್ಪು, ಮೂಗಿಗೆ ತುಪ್ಪದ ಹನಿ, ಬಾಯಿಗೆ ಟೇಪು, ಯಾವುದೂ ಬೇಡ. ಸುಮ್ನೆ ದುಡ್ಡು ದಂಡ, ಬಾಯಿಗೆ ಟೇಪು ಅಪಾಯ ಕೂಡ. ಅದಕ್ಕಿಂತ ಕೆಟ್ಟದ್ದು, ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಮತ್ತು ‘ಒಂದೇ ಪೆಗ್’. ಇವೆರಡೂ ಗಂಟಲಿನ ಸ್ನಾಯುಗಳನ್ನು ಸಡಿಲಿಸಿ ಉಸಿರು ಇನ್ನಷ್ಟು ಕಟ್ಟುವಂತೆ ಮಾಡುತ್ತವೆ. ಹಗಲು ಕೂತಲ್ಲೇ ತೂಕಡಿಸುತ್ತಿದ್ದರೆ, ಚಿಕಿತ್ಸೆ ಶುರುವಾಗಿ ತೂಕಡಿಕೆ ನಿಲ್ಲುವವರೆಗೆ ಗಾಡಿ ಓಡಿಸಲು ಬಿಡಬೇಡಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಪ್ರಶ್ನೆ: ಬಿಪಿ ಮಾತ್ರೆ ರಾತ್ರಿ ತಗೊಂಡರೆ ಹೆಚ್ಚು ಒಳ್ಳೆಯದಾ?
ಉತ್ತರ: ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತು ಯಾವುದೋ ಆಗ ತಗೊಳ್ಳಿ.

ಪ್ರಶ್ನೆ: ವಾರವಿಡೀ 5 ಗಂಟೆ ನಿದ್ದೆ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಸರಿಹೋಗುತ್ತದಲ್ವಾ?
ಉತ್ತರ: ಇಲ್ಲ. ದಿನಾ 7 ಗಂಟೆ ಬೇಕು.

ಪ್ರಶ್ನೆ: ನಿದ್ದೆಗೂ ಬಿಪಿಗೂ ಅಂತ ಒಬ್ಬರು ಸರ್ಪಗಂಧದ ಪುಡಿ ಕೊಟ್ಟಿದ್ದಾರೆ. ದಿನಾ ಒಂದು ಚಮಚ ತಗೊಳ್ಳಲಾ?
ಉತ್ತರ: ಬೇಡ. ಅದರಲ್ಲಿರುವ ರಿಸರ್ಪಿನ್ ನಿಜಕ್ಕೂ ಬಿಪಿ ಇಳಿಸುವ ಔಷಧ, ಅದಕ್ಕೇ ಭಯ. ಒಂದು ಚಮಚದಲ್ಲಿ ಎಷ್ಟಿದೆ ಅಂತ ಪುಡಿ ಕೊಟ್ಟವರಿಗೂ ಗೊತ್ತಿರುವುದಿಲ್ಲ. ಹೆಚ್ಚಾದರೆ ಬಿಪಿ ವಿಪರೀತ ಕುಸಿಯಬಹುದು, ಮನಸ್ಸಿಗೆ ಮಂಕು ಕವಿಯಬಹುದು. ಈಗಾಗಲೇ ತಗೊಂಡಿದ್ದರೆ ಪೊಟ್ಟಣದ ಸಮೇತ ಡಾಕ್ಟರ ಹತ್ತಿರ ಹೋಗಿ.