ಹ್ಯಾಕಿಂಗ್ ಕಲಿಯಲು ಹೊಸಬರು ಮೊದಲು ಯಾವ ಟೂಲ್‌ಗಳನ್ನು ಕಲಿಯಬೇಕು?

ಭದ್ರತಾ ಪರೀಕ್ಷೆಯ ಟೂಲ್‌ಗಳನ್ನು ಜೊತೆಗೇ ತರುವ ಕಾಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಾಗಿದೆ, ಮೆನು ತೆರೆದರೆ ನೂರಾರು ಟೂಲ್‌ಗಳಿವೆ, ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದನ್ನೇ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಒಬ್ಬರು ನೆಟ್‌ವರ್ಕ್ ಜಾಲಾಡುವ ಎನ್‌ಮ್ಯಾಪ್ ಎಂದರು, ಇನ್ನೊಬ್ಬರು ಗೊತ್ತಿರುವ ದೋಷಗಳ ಮೂಲಕ ಒಳನುಗ್ಗುವ ಮೆಟಾಸ್ಪ್ಲಾಯಿಟ್ ಎಂದರು, ಮತ್ತೊಬ್ಬರು ವೆಬ್‌ಸೈಟಿನ ಮೂಲಕ ಡೇಟಾಬೇಸಿಗೆ ಹೊರಗಿನ ಆಜ್ಞೆ ತೂರಿಸಬಹುದೇ ಎಂದು ಪರೀಕ್ಷಿಸುವ ಎಸ್‌ಕ್ಯೂಎಲ್‌ಮ್ಯಾಪ್ ಎಂದರು. ನಾಲ್ಕು ತಿಂಗಳಲ್ಲಿ ಮೂರನ್ನೂ ಕಲಿತೆನೆಂದು ನಂಬಿಕೊಂಡೆ. ನಿಜದಲ್ಲಿ ನಾನು ಕಲಿತದ್ದು ಅವುಗಳ ಆಜ್ಞೆಗಳನ್ನು ಮಾತ್ರ. ಒಂದು ನೋಟ್‌ಬುಕ್ಕಿನಲ್ಲಿ ಅವುಗಳನ್ನು ಸಾಲಾಗಿ ಬರೆದಿಟ್ಟುಕೊಂಡು, ಪ್ರತಿ ಆಯ್ಕೆಯ ಎದುರಿಗೆ ಅದರಿಂದ ಏನಾಗುತ್ತದೆಂದು ಒಂದೊಂದು ಮಾತಿನಲ್ಲಿ ಗುರುತು ಹಾಕಿದ್ದೆ. ಆ ನೋಟ್‌ಬುಕ್ಕಿನಲ್ಲಿ ಎಸ್‌ಕ್ಯೂಎಲ್‌ಮ್ಯಾಪ್‌ನ ‘ರಿಸ್ಕ್ 3’ ಎಂಬ ಆಯ್ಕೆಯ ಎದುರಿಗೆ ನಾನು ಬರೆದಿದ್ದದ್ದು ‘ಹೆಚ್ಚು ಸಿಗುತ್ತದೆ’ ಎಂದು.

ಆಗ ಪರಿಚಯದವರೊಬ್ಬರು ಒಂದು ಸಣ್ಣ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದರು. ಸದಸ್ಯರು ಲಾಗಿನ್ ಆಗಿ ತಮ್ಮ ವಿಳಾಸ, ಫೋನ್ ನಂಬರುಗಳನ್ನು ತಾವೇ ತಿದ್ದಿಕೊಳ್ಳುವಂಥ ಸರಳ ಸೈಟ್ ಅದು. ನೀನು ಇದನ್ನೆಲ್ಲ ಕಲಿಯುತ್ತಿದ್ದೀಯಲ್ಲ, ನಮ್ಮ ಸೈಟ್ ಭದ್ರವಾಗಿದೆಯೇ ನೋಡಿ ಹೇಳು ಎಂದು ಅವರು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟು, ಪರೀಕ್ಷೆಗೆಂದು ಒಂದು ಸದಸ್ಯ ಖಾತೆಯನ್ನೂ ಮಾಡಿಕೊಟ್ಟರು. ಅದೇ ರಾತ್ರಿ ನಾನು ಲಾಗಿನ್ ಆಗಿ, ಫೋನ್ ನಂಬರ್ ಬದಲಿಸುವ ಪುಟದಿಂದ ಸರ್ವರ್‌ಗೆ ಹೋಗುವ ಕೋರಿಕೆಯನ್ನು ಹಿಡಿದು, ಅದನ್ನು ಎಸ್‌ಕ್ಯೂಎಲ್‌ಮ್ಯಾಪ್‌ಗೆ ಕೊಟ್ಟೆ. ಎಷ್ಟು ವಿಸ್ತಾರವಾಗಿ ಪರೀಕ್ಷಿಸಬೇಕೆಂದು ಹೇಳುವ ಲೆವೆಲ್ 5, ಎಷ್ಟು ಅಪಾಯದ ಪರೀಕ್ಷೆಗೆ ಇಳಿಯಬಹುದೆಂದು ಹೇಳುವ ರಿಸ್ಕ್ 3, ಎರಡೂ ಗರಿಷ್ಠ, ಜೊತೆಗೆ ನಡುವೆ ನನ್ನನ್ನು ಏನೂ ಕೇಳಬೇಡ ಎನ್ನುವ ಬ್ಯಾಚ್ ಆಯ್ಕೆ. ಸ್ಕ್ರೀನಿನ ಮೇಲೆ ಸಾಲುಗಳು ಓಡುತ್ತಿದ್ದವು. ಕೊನೆಗೆ ಸದಸ್ಯರ ಗುರುತಿನ ಸಂಖ್ಯೆ ಹೋಗುವ ಐಡಿ ಎಂಬ ಕಡೆ ಸೈಟ್ ದುರ್ಬಲವಾಗಿದೆ ಎಂಬ ಸಾಲು ಕಂಡಾಗ ಎದ್ದು ಕೋಣೆಯಲ್ಲೆಲ್ಲ ಓಡಾಡಿದೆ.

ಬೆಳಿಗ್ಗೆ ಫೋನ್ ಬಂತು. ಆರುನೂರಕ್ಕೂ ಹೆಚ್ಚು ಸದಸ್ಯರ ಫೋನ್ ನಂಬರುಗಳೆಲ್ಲ ಒಂದೇ ಆಗಿಬಿಟ್ಟಿದ್ದವು, ಅದೂ ನಾನು ಪರೀಕ್ಷೆಗೆಂದು ಬರೆದಿದ್ದ ಹತ್ತು ಒಂಬತ್ತುಗಳು.

ಇದು ಹೇಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇದರಲ್ಲೇ ಇದೆ. ಆ ಪುಟದ ಹಿಂದೆ ಡೇಟಾಬೇಸಿಗೆ ಹೋಗುತ್ತಿದ್ದದ್ದು ಒಂದು ಅಪ್‌ಡೇಟ್ ಆಜ್ಞೆ: ಸದಸ್ಯರ ಟೇಬಲ್‌ನಲ್ಲಿ ಫೋನ್ ನಂಬರನ್ನು ಇಂಥದ್ದಕ್ಕೆ ಬದಲಿಸು, ಆದರೆ ಐಡಿ 41 ಆಗಿರುವ ಸಾಲಿನಲ್ಲಿ ಮಾತ್ರ. ಈ ‘ಮಾತ್ರ’ ಎನ್ನುವುದನ್ನು ಹೇಳುವ ಭಾಗಕ್ಕೆ, ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ, ವೇರ್ ಎನ್ನುತ್ತಾರೆ. ಸೈಟ್ ಬರೆದವರು ಫಾರ್ಮ್‌ನಿಂದ ಬಂದ ಐಡಿಯನ್ನು ಪರೀಕ್ಷಿಸದೆ ನೇರವಾಗಿ ಆಜ್ಞೆಯ ಪಠ್ಯಕ್ಕೆ ಅಂಟಿಸಿದ್ದರು, ಹಾಗಾಗಿ ಐಡಿಯ ಜಾಗದಲ್ಲಿ ಹೊರಗಿನವರು ಬರೆದ ಷರತ್ತು ಕೂಡ ಆಜ್ಞೆಯ ಭಾಗವೇ ಆಗುತ್ತಿತ್ತು. ಎಸ್‌ಕ್ಯೂಎಲ್‌ಮ್ಯಾಪ್ ತಾನಾಗಿ ಬಳಸುವ ರಿಸ್ಕ್ 1ರಲ್ಲಿ ಇಂಥ ಷರತ್ತುಗಳನ್ನು ‘ಮತ್ತು’ ಎಂಬ ಅರ್ಥದ ಆ್ಯಂಡ್‌ನಿಂದ ಸೇರಿಸುತ್ತದೆ. ಐಡಿ 41 ಆಗಿರಬೇಕು, ಮತ್ತು ಒಂದು ಒಂದಕ್ಕೆ ಸಮವಾಗಿರಬೇಕು ಎಂದರೆ ಹೆಚ್ಚೆಂದರೆ ಆ ಒಂದು ಸಾಲು ಸಿಗುತ್ತದೆ. ರಿಸ್ಕ್ 3ಕ್ಕೆ ಏರಿಸಿದರೆ ‘ಅಥವಾ’ ಎಂಬ ಅರ್ಥದ ಆರ್ ಕೂಡ ಬರುತ್ತದೆ. ಐಡಿ 41 ಆಗಿರಬೇಕು, ಅಥವಾ ಒಂದು ಒಂದಕ್ಕೆ ಸಮವಾಗಿರಬೇಕು ಎಂದರೆ ಟೇಬಲ್‌ನ ಪ್ರತಿಯೊಂದು ಸಾಲಿಗೂ ಆ ಮಾತು ನಿಜ. ಮಾಹಿತಿಯನ್ನು ಓದಿ ತೋರಿಸುವ ಸೆಲೆಕ್ಟ್ ಆಜ್ಞೆಯಲ್ಲಿ ಇದೇ ಷರತ್ತು ಸೇರಿದ್ದರೆ ಬೇಡದ ಸಾಲುಗಳೂ ಕಾಣುತ್ತಿದ್ದವು, ಅಷ್ಟೆ. ಅಪ್‌ಡೇಟ್‌ನಲ್ಲಿ ಸೇರಿದ್ದರಿಂದ ಪ್ರತಿ ಸಾಲೂ ತಿದ್ದಿಹೋಯಿತು. ಹೀಗಾಗಬಹುದು ಎಂದು ಆ ಟೂಲ್‌ನ ಕೈಪಿಡಿಯಲ್ಲೇ ರಿಸ್ಕ್ ಆಯ್ಕೆಯ ಕೆಳಗೆ ಸ್ಪಷ್ಟವಾಗಿ ಬರೆದಿದೆ. ಆ ಪ್ಯಾರಾವನ್ನು ನಾನು ಓದಿರಲಿಲ್ಲ, ಮತ್ತು ಓದಿದ್ದರೂ ಅರ್ಥವಾಗುತ್ತಿರಲಿಲ್ಲ, ಏಕೆಂದರೆ ಅದುವರೆಗೆ ನನ್ನ ಕೈಯಾರೆ ಒಂದೇ ಒಂದು ಅಪ್‌ಡೇಟ್ ಆಜ್ಞೆಯನ್ನೂ ಬರೆದಿರಲಿಲ್ಲ.

ಬ್ಯಾಕಪ್ ಮೂರು ವಾರ ಹಳೆಯದಾಗಿತ್ತು. ಅದರಿಂದ ಬಹುಪಾಲು ನಂಬರುಗಳು ಮರಳಿದವು. ಆಮೇಲೆ ಸೇರಿದವರ ಮತ್ತು ನಂಬರ್ ಬದಲಿಸಿಕೊಂಡವರ ವಿವರಗಳನ್ನು ಕಾಗದದ ಅರ್ಜಿಗಳ ಕಟ್ಟು ಬಿಚ್ಚಿ, ಒಂದೊಂದಾಗಿ ನೋಡಿ ಮತ್ತೆ ಟೈಪ್ ಮಾಡಿದೆವು. ಅರ್ಜಿಯಲ್ಲೂ ಇಲ್ಲದವರಿಗೆ ಫೋನ್ ಮಾಡಿ ಕೇಳೋಣವೆಂದರೆ ಕಳೆದುಹೋಗಿದ್ದದ್ದೇ ಫೋನ್ ನಂಬರು. ನನ್ನನ್ನು ನಂಬಿದವರು ಸಂಸ್ಥೆಯ ಮುಂದೆ ತಲೆತಗ್ಗಿಸಿ ನಿಂತು ಉತ್ತರ ಹೇಳಬೇಕಾಯಿತು. ಅವರು ನನ್ನ ಮೇಲೆ ಒಮ್ಮೆಯೂ ಸಿಟ್ಟು ಮಾಡಲಿಲ್ಲ, ಆದರೆ ಇಂಥ ಕೆಲಸಕ್ಕೆ ಮತ್ತೆ ಕರೆಯಲೂ ಇಲ್ಲ.

ಈ ಕಥೆ ಕೇಳಿದವರು, ನಡೆಯುತ್ತಿರುವ ಸೈಟಿನ ಮೇಲೆ ಪರೀಕ್ಷೆ ಮಾಡಿದ್ದೇ ನಿನ್ನ ತಪ್ಪು ಎನ್ನುತ್ತಾರೆ. ಅದೂ ತಪ್ಪೇ. ಲಿಖಿತ ಒಪ್ಪಿಗೆ, ಯಾವ ಯಾವ ಪುಟಗಳನ್ನು ಮುಟ್ಟಬಹುದು ಎಂಬ ಮಿತಿ, ಅಂದಿನ ಬ್ಯಾಕಪ್ ಇವಿಲ್ಲದೆ ಬೇರೆಯವರ ಯಂತ್ರಕ್ಕೆ ಕೈ ಹಾಕಲೇಬಾರದು. ಒಪ್ಪಿಗೆಯೇ ಇಲ್ಲದಿದ್ದರೆ ಅದು ಅಪರಾಧ. ಆದರೆ ನನ್ನ ಮೂಲ ತಪ್ಪು ಅದಕ್ಕಿಂತ ಹಿಂದಿನದು: ನಾನು ಟೂಲ್ ಆರಿಸಿಕೊಂಡೆ, ಆ ಟೂಲ್ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದನ್ನು ಕಲಿಯಲಿಲ್ಲ.

ಆದ್ದರಿಂದ ‘ಮೊದಲು ಯಾವ ಟೂಲ್’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೂಲ್‌ಗಳು ಬದಲಾಗುತ್ತಲೇ ಇರುತ್ತವೆ. ಬ್ಯಾಕ್‌ಟ್ರ್ಯಾಕ್ ಎಂಬ ಹಳೆಯ ಸಿಸ್ಟಂ ಹೋಗಿ 2013ರಲ್ಲಿ ಕಾಲಿ ಬಂತು. ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಈಥೀರಿಯಲ್ ಎಂಬುದು 2006ರಲ್ಲಿ ವೈರ್‌ಶಾರ್ಕ್ ಎಂದಾಯಿತು. ಆದರೆ ಆ ಸೈಟಿನಲ್ಲಿದ್ದ ದೋಷ, ಅಂದರೆ ಎಸ್‌ಕ್ಯೂಎಲ್ ಇಂಜೆಕ್ಷನ್ ಬಗ್ಗೆ 1998ರಲ್ಲೇ ಹ್ಯಾಕರುಗಳ ಫ್ರ್ಯಾಕ್ ಪತ್ರಿಕೆಯಲ್ಲಿ ಬರಹ ಬಂದಿತ್ತು, ವೆಬ್‌ನ ಮುಖ್ಯ ಭದ್ರತಾ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಟಾಪ್ 10ರ 2021ರ ಪಟ್ಟಿಯಲ್ಲೂ ಇಂಜೆಕ್ಷನ್ ಮೂರನೆಯ ಸ್ಥಾನದಲ್ಲಿತ್ತು. ದೋಷ ಅಲ್ಲೇ ಇದೆ, ಏಕೆಂದರೆ ಅದರ ಬೇರು ಟೂಲ್‌ನಲ್ಲಿಲ್ಲ, ಹೊರಗಿನಿಂದ ಬಂದ ಪಠ್ಯವನ್ನು ಆಜ್ಞೆಯೊಳಗೆ ಬೆರೆಸುವ ಅಭ್ಯಾಸದಲ್ಲಿದೆ.

ಆ ಘಟನೆಯ ನಂತರ ನಾನು ಮಾಡಿದ್ದನ್ನು ಹೇಳುತ್ತೇನೆ. ಮೂರು ಪುಟಗಳ ಒಂದು ಸೈಟನ್ನು ನಾನೇ ಬರೆದೆ: ಲಾಗಿನ್, ಹುಡುಕಾಟ, ಫೋನ್ ನಂಬರ್ ತಿದ್ದುವ ಪುಟ. ಬೇಕೆಂದೇ ಕೆಟ್ಟದಾಗಿ ಬರೆದೆ. ಹುಡುಕಾಟದ ಜಾಗದಲ್ಲಿ ಒಂದೇ ಒಂದು ಉದ್ಧರಣ ಚಿಹ್ನೆ ಹಾಕಿ ಎಂಟರ್ ಒತ್ತಿದಾಗ ಡೇಟಾಬೇಸ್ ವ್ಯಾಕರಣ ದೋಷವೆಂದು ಕೂಗಿಕೊಂಡಿತು. ಆ ಚಿಹ್ನೆ ನನ್ನ ವಾಕ್ಯವನ್ನು ಅರ್ಧದಲ್ಲೇ ಮುಗಿಸಿ, ಉಳಿದದ್ದನ್ನು ಅರ್ಥವಿಲ್ಲದ ತುಂಡಾಗಿಸಿದೆ ಎಂಬುದು ಆಗ ಕಣ್ಣಿಗೆ ಕಂಡಿತು. ನಂತರ ಅದೇ ಕೋಡನ್ನು ಪ್ಯಾರಾಮೀಟರ್ ಇರುವ ಕ್ವೆರಿಯಾಗಿ, ಅಂದರೆ ಹೊರಗಿನ ಪಠ್ಯ ಆಜ್ಞೆಯೊಂದಿಗೆ ಬೆರೆಯದೆ ಬೇರೆಯಾಗಿಯೇ ಹೋಗುವಂತೆ, ತಿದ್ದಿದಾಗ ಅದೇ ಚಿಹ್ನೆ ಬರಿಯ ಅಕ್ಷರವಾಗಿ ಸುಮ್ಮನೆ ಒಳಗೆ ಹೋಯಿತು. ಎರಡು ದಿನದ ಈ ಕೆಲಸ ನಾಲ್ಕು ತಿಂಗಳಲ್ಲಿ ಕಲಿಯದ್ದನ್ನು ಕಲಿಸಿತು. ಸೈಟ್ ಬರೆಯುವ ತಾಳ್ಮೆ ಇಲ್ಲವೆಂದಾದರೆ, ಕಲಿಯುವವರಿಗಾಗಿಯೇ ದುರ್ಬಲವಾಗಿ ಕಟ್ಟಿರುವ ಡಿವಿಡಬ್ಲ್ಯುಎ ಅಥವಾ ಜ್ಯೂಸ್ ಶಾಪ್ ಅನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ನಡೆಸಬಹುದು, ಆದರೂ ಸ್ವಂತ ಕೋಡನ್ನು ಮುರಿದು ಸರಿಪಡಿಸಿದಾಗ ಆಗುವ ಕಲಿಕೆ ಬೇರೆಯೇ.

ಲಿನಕ್ಸ್ ಬಳಕೆ ಹೊಸದಾಗಿದ್ದರೆ ಓವರ್‌ದವೈರ್ ಎಂಬ ಸೈಟಿನ, ಲಿನಕ್ಸ್ ಆಜ್ಞೆಗಳನ್ನು ಕಲಿಸುವ ಬ್ಯಾಂಡಿಟ್ ಆಟವನ್ನು ಇಂದೇ ಆರಂಭಿಸಿ. ಅದರ ಆರಂಭದಲ್ಲೇ ಹೈಫನ್ ಎಂಬ ಒಂದೇ ಚಿಹ್ನೆಯ ಹೆಸರಿನ ಫೈಲ್ ಒಂದು ಬರುತ್ತದೆ. ಫೈಲ್ ಓದಿ ತೋರಿಸುವ ಕ್ಯಾಟ್ ಆಜ್ಞೆ ಕೊಟ್ಟು ಅದನ್ನು ಓದಲು ಹೋದರೆ ಟರ್ಮಿನಲ್ ಏನೂ ಹೇಳದೆ ಸುಮ್ಮನೆ ಕಾಯುತ್ತದೆ, ಏಕೆಂದರೆ ಒಂಟಿ ಹೈಫನ್ ಎಂದರೆ ಕೀಬೋರ್ಡಿನಿಂದ ಬರುವುದನ್ನು ಓದು ಎಂದು ಕ್ಯಾಟ್ ತಿಳಿಯುತ್ತದೆ. ಅಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೂ ಉತ್ತರವನ್ನು ಬೇರೆ ಕಡೆ ಹುಡುಕಬೇಡಿ. ನೆಟ್‌ವರ್ಕ್ ವಿಷಯದಲ್ಲೂ ಅಷ್ಟೆ: ಎನ್‌ಮ್ಯಾಪ್ ಒಂದು ಪೋರ್ಟ್, ಅಂದರೆ ಯಂತ್ರದೊಳಕ್ಕೆ ಸಂಪರ್ಕ ಬರುವ ಬಾಗಿಲು, ಮುಚ್ಚಿದೆ ಎನ್ನುವುದಕ್ಕೂ ಫಿಲ್ಟರ್ ಆಗಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ವೈರ್‌ಶಾರ್ಕ್ ತೆರೆದಿಟ್ಟುಕೊಂಡು ನೋಡಿ. ಮೊದಲನೆಯದರಲ್ಲಿ ಆ ಕಡೆಯಿಂದ ನಿರಾಕರಣೆಯ ಪ್ಯಾಕೆಟ್ ಬರುತ್ತದೆ, ಎರಡನೆಯದರಲ್ಲಿ ಹೆಚ್ಚಾಗಿ ಉತ್ತರವೇ ಬರುವುದಿಲ್ಲ.

ಟೂಲ್ ಆರಿಸಲು ನನ್ನ ಅಳತೆ ಒಂದೇ. ಒಂದು ಕೆಲಸವನ್ನು ಕೈಯಿಂದ ಇಪ್ಪತ್ತು ಸಲ ಮಾಡಿ ಬೇಸರ ಬಂದಾಗ ಅದನ್ನು ಮಾಡುವ ಟೂಲ್ ಹುಡುಕಿ. ವೆಬ್ ಕೋರಿಕೆಗಳನ್ನು ಹಿಡಿದು ನೋಡಲು ಬರ್ಪ್ ಸೂಟ್‌ನ ಉಚಿತ ಆವೃತ್ತಿ ಅಥವಾ ಝ್ಯಾಪ್, ಯಾವುದಾದರೊಂದನ್ನು ಹಿಡಿದು ಅದರಲ್ಲೇ ಪಳಗಿ. ಎರಡನ್ನೂ ಹೋಲಿಸುತ್ತ ಕಾಲ ಕಳೆಯಬೇಡಿ. ಹಾಕಿಕೊಂಡ ಕಾಲಿಯನ್ನು ತೆಗೆಯಬೇಕಿಲ್ಲ, ಆದರೆ ಅದನ್ನು ದಿನಬಳಕೆಯ ಸಿಸ್ಟಂ ಮಾಡಿಕೊಳ್ಳದೆ ವರ್ಚುವಲ್ ಮಷೀನ್, ಅಂದರೆ ನಿಮ್ಮ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ನಡೆಸುವ ಇನ್ನೊಂದು ಕಂಪ್ಯೂಟರಿನ ಒಳಗೆ ಇಡಿ. ಲಿನಕ್ಸ್ ಪರಿಚಯವಿಲ್ಲದವರಿಗೆ ಅದು ತಕ್ಕದ್ದಲ್ಲವೆಂದು ಕಾಲಿಯವರ ದಾಖಲೆಯೇ ಹೇಳುತ್ತದೆ. ಗುರಿಯಾಗಿರುವ ದುರ್ಬಲ ಸೈಟನ್ನು ಎರಡನೆಯ ವರ್ಚುವಲ್ ಮಷೀನ್‌ನಲ್ಲಿಟ್ಟು, ಎರಡನ್ನೂ ಹೊರಗಿನ ಇಂಟರ್‌ನೆಟ್‌ಗೆ ದಾರಿಯಿಲ್ಲದ ಹೋಸ್ಟ್-ಓನ್ಲಿ ನೆಟ್‌ವರ್ಕಿಗೆ ಹಾಕಿ, ಆಮೇಲೆ ಮರಳಿ ಬರಬಹುದಾದಂತೆ ಮಷೀನ್‌ನ ಆಗಿನ ಸ್ಥಿತಿಯನ್ನು ಉಳಿಸುವ ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಅಲ್ಲಿ ರಿಸ್ಕ್ 3 ಕೊಟ್ಟು, ಟೇಬಲ್‌ನ ಎಲ್ಲ ಸಾಲುಗಳೂ ಹಾಳಾಗುವುದನ್ನು ನೋಡಿ, ಸ್ನ್ಯಾಪ್‌ಶಾಟ್‌ಗೆ ಮರಳಿ, ಬಂದ ಆಜ್ಞೆಗಳನ್ನು ಬರೆದಿಡುವ ಡೇಟಾಬೇಸ್‌ನ ಲಾಗ್ ಚಾಲೂ ಮಾಡಿಕೊಂಡು ಮತ್ತೊಮ್ಮೆ ನಡೆಸಿ. ಹಾಳು ಮಾಡಿದ ಆ ಒಂದು ಆಜ್ಞೆ ಲಾಗ್‌ನಲ್ಲಿ ಅಕ್ಷರಶಃ ಸಿಗುತ್ತದೆ. ನಾನು ಆ ರಾತ್ರಿಯ ನಂತರ ಮಾಡಿದ್ದನ್ನು ನೀವು ಅದಕ್ಕೆ ಮೊದಲೇ ಮಾಡಿ.